ಜಗತ್ತಿನ ಆರ್ಥಿಕತೆ ಬದಲಾದದ್ದನ್ನು ನಿಮ್ಮ ತಾಲ್ಲೂಕಿನಲ್ಲೇ ಓದುವುದು ಹೇಗೆ

ಕೋಲಾರದಲ್ಲಿ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರಿಗೆ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಎರಡನೇ ಮಹಾಯುದ್ಧದ ನಂತರದ ಜಾಗತಿಕ ಆರ್ಥಿಕತೆ ಅನ್ನುವ ಪಾಠ ಬಂದ ಕೂಡಲೇ ಎಲ್ಲರೂ ಇಸವಿಗಳನ್ನು ಉರು ಹೊಡೆಯಲು ಶುರು ಮಾಡುತ್ತಾರೆ. 1944 ಬ್ರೆಟನ್ ವುಡ್ಸ್, 1947 ಗ್ಯಾಟ್ ಅನ್ನುವ ಸುಂಕದ ಒಪ್ಪಂದ, 1971 ನಿಕ್ಸನ್, 1995 ಡಬ್ಲ್ಯೂಟಿಒ ಅಂದರೆ ವಿಶ್ವ ವ್ಯಾಪಾರ ಸಂಸ್ಥೆ. ಅಂಕ ಬರುತ್ತದೆ, ಸರಿ. ಆದರೆ ಅವರದೇ ಮನೆಯ ರೇಷ್ಮೆ ಗೂಡಿನ ಬೆಲೆ ಯಾಕೆ ಬಿತ್ತು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಎರಡೂ ಒಂದೇ ಪಾಠ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಹಾಗಾಗಿ ಇಲ್ಲಿ ಬೇರೆ ದಾರಿ ಹೇಳುತ್ತೇನೆ. ಜಗತ್ತಿನಿಂದ ಶುರು ಮಾಡಬೇಡಿ. ನಿಮ್ಮ ತಾಲ್ಲೂಕಿನ ಒಂದು ವಸ್ತುವಿನಿಂದ ಶುರು ಮಾಡಿ.

ಎಂಥ ವಸ್ತು? ಅದರ ಬೆಲೆ ಏರಿತೋ ಇಳಿಯಿತೋ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ದಿನಾ ನೋಡುತ್ತಿರಬೇಕು. ಚಿನ್ನ ಆಗಬಹುದು, ರೇಷ್ಮೆ ಗೂಡು, ಕಡಲೆಕಾಯಿ, ಟೊಮೆಟೊ ಆಗಬಹುದು, ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಕ್ಕನ ಸಂಬಳವೂ ಆಗಬಹುದು. ಒಂದನ್ನೇ ಆರಿಸಿಕೊಳ್ಳಿ. ಆಮೇಲೆ ಮೂರು ಪ್ರಶ್ನೆ ಕೇಳಿ. ಇದರ ಬೆಲೆ ಎಲ್ಲಿ ತೀರ್ಮಾನ ಆಗುತ್ತದೆ? ಹೊರಗಿನ ಮಾಲು ಒಳಗೆ ಬರದಂತೆ ತಡೆಯುವ ಬಾಗಿಲು ಯಾರ ಕೈಯಲ್ಲಿದೆ? ಬೆಲೆ ಬಿದ್ದರೆ ನಷ್ಟ ಯಾರ ತಲೆ ಮೇಲೆ ಬೀಳುತ್ತದೆ? ಈ ಮೂರಕ್ಕೂ 1955ರಲ್ಲಿ ಒಂದು ಉತ್ತರ ಇತ್ತು, ಇವತ್ತು ಇನ್ನೊಂದು ಇದೆ. ಆ ಎರಡು ಉತ್ತರಗಳ ನಡುವೆ ಏನಾಯಿತು ಅನ್ನುವುದೇ ಪಾಠ.

ಮೂರನೇ ಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಪಠ್ಯಪುಸ್ತಕಗಳಲ್ಲಿ ಅದೇ ಇರುವುದಿಲ್ಲ.

ಮೊದಲು ಹಣವನ್ನು ರಾಗಿಗೆ ತಿರುಗಿಸಿ

‘ನಮ್ಮ ಕಾಲದಲ್ಲಿ ಚಿನ್ನ ಎಷ್ಟು ಅಗ್ಗ ಇತ್ತು ಗೊತ್ತಾ’ ಅಂತ ಅಜ್ಜಿ ಹೇಳುತ್ತಾರೆ. 1970ರಲ್ಲಿ 10 ಗ್ರಾಂ ಚಿನ್ನಕ್ಕೆ 200 ರೂಪಾಯಿಗಿಂತ ಕಡಿಮೆ ಇತ್ತು, 2025ರಲ್ಲಿ ಅದು 1 ಲಕ್ಷ ದಾಟಿತು. ಇಷ್ಟನ್ನೇ ಬರೆದುಕೊಂಡರೆ ಏನೂ ತಿಳಿಯುವುದಿಲ್ಲ. ಆಗ ಒಂದು ಪಲ್ಲ ರಾಗಿಗೆ ಎಷ್ಟಿತ್ತು, ಹೊಲದಲ್ಲಿ ಒಂದು ದಿನದ ಕೂಲಿ ಎಷ್ಟಿತ್ತು ಅಂತ ಅದೇ ಅಜ್ಜಿಯನ್ನು ಕೇಳಿ. ಒಂದು ಗ್ರಾಂ ಚಿನ್ನಕ್ಕೆ ಆಗ ಎಷ್ಟು ದಿನದ ಕೂಲಿ ಬೇಕಿತ್ತು, ಈಗ ಎಷ್ಟು ಬೇಕು ಅಂತ ಲೆಕ್ಕ ಹಾಕಿ. ರೂಪಾಯಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ, ಹಾಗಾಗಿ ಹಳೆಯ ರೂಪಾಯಿಯನ್ನೂ ಹೊಸ ರೂಪಾಯಿಯನ್ನೂ ಅಕ್ಕಪಕ್ಕ ಇಟ್ಟು ನೋಡುವುದು ತಪ್ಪು. ಯಾವ ವಸ್ತು ಆರಿಸಿಕೊಂಡರೂ ಈ ಕೆಲಸ ಮೊದಲು ಮಾಡಿ.

ಹಿರಿಯರನ್ನು ಕೇಳುವಾಗ ಇಸವಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ‘ದೊಡ್ಡಪ್ಪನ ಮದುವೆ ಆದ ವರ್ಷ’, ‘ಕೆರೆ ಕೋಡಿ ಬಿದ್ದ ವರ್ಷ’ ಅಂತ ಕೇಳಿದರೆ ಕರಾರುವಾಕ್ಕಾಗಿ ಹೇಳುತ್ತಾರೆ. ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟು, ಹಾಲಿನ ಪುಡಿಯ ಬಗ್ಗೆಯೂ ಕೇಳಿ. ಆ ಕಾಲದಲ್ಲಿ ದೇಶಕ್ಕೆ ಧಾನ್ಯ ಸಾಲದೆ ಪಿಎಲ್ 480 ಅನ್ನುವ ಯೋಜನೆಯಲ್ಲಿ ಅಮೆರಿಕದಿಂದ ಗೋಧಿ ಬರುತ್ತಿತ್ತು. 1960ರ ದಶಕದಲ್ಲಿ ಹಡಗು ತಡವಾದರೆ ದಿಲ್ಲಿಯಲ್ಲಿ ಆತಂಕ ಶುರುವಾಗುತ್ತಿತ್ತು. ಹಸಿರು ಕ್ರಾಂತಿ ಯಾಕೆ ಅಷ್ಟು ದೊಡ್ಡ ವಿಷಯ ಆಯಿತು ಅನ್ನುವುದು ಹೀಗೆ ಕೇಳಿದಾಗ ಸುಲಭವಾಗಿ ಅರ್ಥವಾಗುತ್ತದೆ.

ಕೆಜಿಎಫ್ ಇಟ್ಟುಕೊಂಡು ಹಣದ ಕಥೆ ಕಲಿಯಿರಿ

ಹಣದ ವ್ಯವಸ್ಥೆ ಬಹಳ ಜನರಿಗೆ ತಲೆಗೆ ಹೋಗುವುದಿಲ್ಲ. ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಗಳ ಜೊತೆ ಇಟ್ಟು ನೋಡಿದರೆ ಹೋಗುತ್ತದೆ.

1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿದವು. ಒಂದು ಔನ್ಸ್ ಚಿನ್ನ ಅಂದರೆ 35 ಡಾಲರ್, ಉಳಿದ ದೇಶಗಳ ಹಣ ಡಾಲರ್‌ಗೆ ಕಟ್ಟಿಕೊಂಡಿರಬೇಕು ಅಂತ ತೀರ್ಮಾನ ಆಯಿತು. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮತ್ತು ವಿಶ್ವ ಬ್ಯಾಂಕ್ ಹುಟ್ಟಿದ್ದೂ ಅಲ್ಲೇ. ನಮ್ಮ ರೂಪಾಯಿ 1949ರಿಂದ ಡಾಲರ್‌ಗೆ 4.76ರಂತೆ ನಿಂತಿತ್ತು. ನೀವೇ ಲೆಕ್ಕ ಹಾಕಿ ನೋಡಿ. ಒಂದು ಔನ್ಸ್ ಅಂದರೆ ಸುಮಾರು 31.1 ಗ್ರಾಂ. 10 ಗ್ರಾಂ ಚಿನ್ನಕ್ಕೆ ಹತ್ತಿರ ಹತ್ತಿರ 54 ರೂಪಾಯಿ ಬರುತ್ತದೆ. ನಮ್ಮ ಪೇಟೆಯಲ್ಲಿ ಅದಕ್ಕಿಂತ ಬಹಳ ಜಾಸ್ತಿ ಇತ್ತು, ಯಾಕೆಂದರೆ ಹೊರಗಿನಿಂದ ಚಿನ್ನ ತರಲು ಬಿಡುತ್ತಿರಲಿಲ್ಲ. ಚಿನ್ನದ ಕಳ್ಳಸಾಗಣೆ ಹುಟ್ಟಿದ್ದು ಈ ವ್ಯತ್ಯಾಸದಿಂದಲೇ.

ಆಗ ಕೆಜಿಎಫ್ ಗಣಿಗಳು ನಡೆಯುತ್ತಿದ್ದವು. 1880ರಿಂದ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿದ್ದವನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋದವು. ಯುದ್ಧದ ನಂತರದ ದಶಕಗಳಲ್ಲಿ ಬಹಳ ದೇಶಗಳು ಹೀಗೇ ಮಾಡಿದವು. ವಸಾಹತು ಕಾಲದ ಕಂಪನಿಗಳ ಗಣಿ, ರೈಲು, ಎಣ್ಣೆ ಬಾವಿಗಳನ್ನು ಹೊಸ ಸರ್ಕಾರಗಳು ತೆಗೆದುಕೊಂಡವು. ಕೆಜಿಎಫ್ ಆ ದೊಡ್ಡ ಅಲೆಯ ಒಂದು ಭಾಗ ಅಂತ ಪರೀಕ್ಷೆಯಲ್ಲಿ ಬರೆದವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ.

1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರ್ ಮತ್ತು ಚಿನ್ನದ ಗಂಟು ಬಿಚ್ಚಿದರು. ವಿಯೆಟ್ನಾಂ ಯುದ್ಧದ ಖರ್ಚು, ಹೊರಗೆ ಓಡಾಡುತ್ತಿದ್ದ ಡಾಲರ್‌ಗಳ ರಾಶಿ, ಅಷ್ಟಕ್ಕೆಲ್ಲ ಕೊಡಲು ಅಮೆರಿಕದ ಬಳಿ ಚಿನ್ನ ಸಾಲುತ್ತಿರಲಿಲ್ಲ. 1973ರ ಹೊತ್ತಿಗೆ ದೊಡ್ಡ ದೇಶಗಳ ಹಣ ದಿನ ದಿನದ ಪೇಟೆ ದರಕ್ಕೆ ಬಂತು. ಅದೇ ವರ್ಷ ಅರಬ್ ದೇಶಗಳು ಕಚ್ಚಾ ತೈಲದ ಬಾಗಿಲು ಬಿಗಿ ಮಾಡಿದವು, ಸುಮಾರು 3 ಡಾಲರ್ ಇದ್ದ ಬ್ಯಾರೆಲ್ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. 1980ರ ಜನವರಿಯಲ್ಲಿ ಚಿನ್ನ ಔನ್ಸ್‌ಗೆ 850 ಡಾಲರ್ ಮುಟ್ಟಿತು. 35 ಎಲ್ಲಿ, 850 ಎಲ್ಲಿ.

ಆದರೂ ಕೆಜಿಎಫ್ ಉಳಿಯಲಿಲ್ಲ. ಇಲ್ಲಿ ನಿಧಾನವಾಗಿ ಓದಿ. 1980ರ ನಂತರ ಚಿನ್ನ ಮತ್ತೆ ಇಳಿಯಿತು, 1999ರಲ್ಲಿ 250 ಡಾಲರ್ ಆಸುಪಾಸಿಗೆ ಬಂತು. ಇತ್ತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳಕ್ಕೆ ಹೋಗಿತ್ತು. ಅಷ್ಟು ಆಳದಿಂದ ಕಲ್ಲು ಮೇಲೆ ತರುವ ಖರ್ಚು ಏರುತ್ತಲೇ ಇತ್ತು, ಕಲ್ಲಿನಲ್ಲಿ ಸಿಗುವ ಚಿನ್ನ ಇಳಿಯುತ್ತಲೇ ಇತ್ತು. 1990ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ಹೋಯಿತು, ಆಮೇಲೆ ಆಮದಿಗೂ ದಾರಿ ತೆರೆಯಿತು. ಹೊರಗಿನ ಚಿನ್ನ ಸಲೀಸಾಗಿ ಬರುವಾಗ ಇಲ್ಲಿನ ಖರ್ಚಿಗೆ ತಕ್ಕ ಬೆಲೆ ಕೊಡುವವರು ಯಾರು? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ನಡುವೆ 1991 ಇದೆ. ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಉಳಿದಿತ್ತು. ದೇಶ ಸುಮಾರು 47 ಟನ್ ಚಿನ್ನ ಅಡವಿಟ್ಟಿತು. ರೂಪಾಯಿಯ ಬೆಲೆಯನ್ನು ಜುಲೈ 1 ಮತ್ತು 3ರಂದು ಎರಡು ಸಲ ಇಳಿಸಿದರು, ಜುಲೈ 24ರ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಹೊಸ ದಾರಿ ಹಿಡಿದರು. ಇವನ್ನೆಲ್ಲ ನೀವು ಓದಿರುತ್ತೀರಿ.

ಈಗ ಮೂರು ಪ್ರಶ್ನೆ ಹಾಕಿ. ಬೆಲೆ ಮೊದಲು ಸರ್ಕಾರಗಳು ಕೂತು ನಿಗದಿ ಮಾಡಿದ್ದು, ಈಗ ಲಂಡನ್, ನ್ಯೂಯಾರ್ಕ್ ಪೇಟೆಯದು. ಬಾಗಿಲು ಮೊದಲು ಮುಚ್ಚಿತ್ತು, ಈಗ ಸುಂಕದ ಒಂದು ಚಿಲಕ ಅಷ್ಟೇ ಉಳಿದಿದೆ. ನಷ್ಟ ಯಾರಿಗೆ? ಕೆಜಿಎಫ್‌ನ ಮಾರಿಕುಪ್ಪಂನಿಂದ, ಕೋರಮಂಡಲ್‌ನಿಂದ ಬೆಳಗಿನ ಜಾವ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಜನರನ್ನು ನೋಡಿ. ಅವರ ಅಪ್ಪ, ತಾತ ಮನೆಯಿಂದ ನಡೆದು ಗಣಿಗೆ ಹೋಗುತ್ತಿದ್ದರು. 2025ರಲ್ಲಿ ಚಿನ್ನ 4,000 ಡಾಲರ್ ದಾಟಿತು. ಗಣಿ ಮುಚ್ಚಿದ ಮೇಲೆ ಬೆಲೆ ಹದಿನೈದು ಪಟ್ಟು ಏರಿದರೂ ಆ ಮನೆಗಳಿಗೆ ಒಂದು ಪೈಸೆ ಬರಲಿಲ್ಲ. ಊರಿನಲ್ಲಿ ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದ ಮೇಲೆ ಬಿಸಾಕಿದ ಕಲ್ಲುಪುಡಿಯ ರಾಶಿಗಳು ಉಳಿದಿವೆ. ಅದರಲ್ಲಿ ಉಳಿದ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಅದರಿಂದ ಬರುವ ಕೆಲಸ ಮೊದಲು ಆ ಊರಿನವರಿಗೇ ಸಿಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ರೇಷ್ಮೆ ಗೂಡಿನ ಪೇಟೆ ಶಿಡ್ಲಘಟ್ಟದಲ್ಲಿ ವ್ಯಾಪಾರದ ಕಥೆ

ವಿಶ್ವ ಬ್ಯಾಂಕ್ ಅಂದರೆ ಎಲ್ಲೋ ದೂರದ್ದು ಅಂದುಕೊಳ್ಳಬೇಡಿ. 1980ರಲ್ಲಿ ಕರ್ನಾಟಕದ ರೇಷ್ಮೆ ಯೋಜನೆಗೆ ಅದೇ ಬ್ಯಾಂಕಿನ ಸಾಲ ಬಂತು. ನಮ್ಮ ಕಡೆಯ ಹಿಪ್ಪುನೇರಳೆ ತೋಟಗಳು ಬೆಳೆದ ಕಥೆಯಲ್ಲಿ ಆ ಸಾಲಕ್ಕೂ ಜಾಗ ಇದೆ.

ಮೊದಲು ಜಪಾನ್ ನೋಡಿ. ಯುದ್ಧಕ್ಕೆ ಮುಂಚೆ ಜಗತ್ತಿಗೆ ರೇಷ್ಮೆ ಕೊಡುತ್ತಿದ್ದದ್ದು ಮುಖ್ಯವಾಗಿ ಜಪಾನ್, ಕೊಳ್ಳುತ್ತಿದ್ದದ್ದು ಅಮೆರಿಕ, ಹೆಂಗಸರ ಕಾಲುಚೀಲಕ್ಕೆ. 1938ರಲ್ಲಿ ನೈಲಾನ್ ಬಂತು, ಆ ಪೇಟೆ ಹೋಯಿತು. ಯುದ್ಧದ ನಂತರ ಜಪಾನಿನಲ್ಲಿ ಫ್ಯಾಕ್ಟರಿಗಳು ಎದ್ದವು, ಕೂಲಿ ಏರಿತು, ಹುಳು ಸಾಕುವವರು ಕಡಿಮೆಯಾದರು. 1970ರ ದಶಕದಲ್ಲಿ ಚೀನಾ ಮುಂದೆ ಬಂತು, ಇವತ್ತಿಗೂ ಅದೇ ಮೊದಲು, ಭಾರತ ಎರಡನೆಯದು. ಕೂಲಿ ಏರಿದ ಕಡೆಯಿಂದ ಕೆಲಸ ಕೂಲಿ ಕಡಿಮೆ ಇರುವ ಕಡೆಗೆ ಹೋಗುತ್ತದೆ. ಈ 75 ವರ್ಷಗಳಲ್ಲಿ ಬಟ್ಟೆ, ಬೊಂಬೆ, ರೇಡಿಯೊ, ಫೋನ್ ಎಲ್ಲದರಲ್ಲೂ ಇದೇ ಆಗಿದೆ.

ಬಾಗಿಲಿನ ಪ್ರಶ್ನೆಗೆ ರೇಷ್ಮೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ದಿಲ್ಲಿಯಲ್ಲಿ ಓದಿದ ಒಂದು ಸಾಲು, ಅಷ್ಟೇ. ಗೂಡಿನ ಬೆಲೆ ಕುಸಿಯಿತು, ರೈತರು ರಸ್ತೆಗೆ ಬಂದರು. ಎರಡು ವರ್ಷದ ನಂತರ, 2013ರಲ್ಲಿ, ಸುಂಕವನ್ನು ಶೇ 15ಕ್ಕೆ ಏರಿಸಿದರು. ಅಷ್ಟರಲ್ಲಿ ಎಷ್ಟು ಜನ ತೋಟ ಕಿತ್ತರೋ ಅದನ್ನು ನಿಮ್ಮ ಊರಿನಲ್ಲೇ ಕೇಳಿ ನೋಡಿ.

ಇಲ್ಲಿ ಇನ್ನೊಂದು ಕಡೆಯನ್ನೂ ಕೇಳಬೇಕು. ಚೀನಾದ ನೂಲು ಒಂದೇ ಸಮ ಇರುತ್ತದೆ, ಪವರ್‌ಲೂಮ್‌ನಲ್ಲಿ ಹರಿಯುವುದಿಲ್ಲ. ವಾರಾಣಸಿ, ಕಂಚಿಯ ಸೀರೆ ನೇಯುವವರಿಗೆ ಅಗ್ಗದ ನೂಲು ಬೇಕು. ಅವರೂ ಬಡವರೇ. ಸುಂಕ ಇಳಿದರೆ ಅವರಿಗೆ ಅನುಕೂಲ, ಏರಿದರೆ ನಮ್ಮವರಿಗೆ. ಮುಕ್ತ ವ್ಯಾಪಾರ ಒಳ್ಳೆಯದೋ ಕೆಟ್ಟದ್ದೋ ಅಂತ ಪ್ರಬಂಧ ಬರೆಯುವ ಮೊದಲು ಯಾರಿಗೆ ಅಂತ ಬರೆಯಿರಿ. ಬೈವೋಲ್ಟೈನ್ ಅನ್ನುವ ರೇಷ್ಮೆ ಹುಳುವಿನ ತಳಿ ಬೆಳೆದು, ಆಟೋಮ್ಯಾಟಿಕ್ ಯಂತ್ರದಲ್ಲಿ ನೂಲು ತೆಗೆದರೆ ನಮ್ಮ ನೂಲೂ ಆ ಗುಣಮಟ್ಟ ಮುಟ್ಟುತ್ತದೆ. ಅದಕ್ಕೆ ಬಂಡವಾಳ ಬೇಕು, ಕಾಲ ಬೇಕು. ಬಾಗಿಲನ್ನು ನಿಧಾನವಾಗಿ ತೆರೆಯುವುದಕ್ಕೂ ರಾತ್ರೋರಾತ್ರಿ ತೆರೆಯುವುದಕ್ಕೂ ಇರುವ ವ್ಯತ್ಯಾಸ ಇದೇ.

ಕಾರಣಗಳನ್ನು ಬೇರೆ ಬೇರೆ ಇಡಿ

ತುಮಕೂರಿನವರು ಎಚ್‌ಎಂಟಿ ವಾಚ್ ಆರಿಸಿಕೊಳ್ಳಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಶುರು, 1978ರಲ್ಲಿ ತುಮಕೂರಿನಲ್ಲಿ ಘಟಕ, 2016ರಲ್ಲಿ ಕಂಪನಿ ಮುಚ್ಚುವ ತೀರ್ಮಾನ. ‘1991ರ ಉದಾರೀಕರಣದಿಂದ ಎಚ್‌ಎಂಟಿ ಹೋಯಿತು’ ಅಂತ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಅದು ಅರ್ಧ ಸತ್ಯ. ಜಪಾನಿನ ಸೈಕೊ ಕಂಪನಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚನ್ನು ಪೇಟೆಗೆ ತಂದದ್ದು 1969ರಲ್ಲಿ. ಆ ಹೊಡೆತಕ್ಕೆ ಸ್ವಿಸ್ ಕಂಪನಿಗಳೇ ನಲುಗಿದವು. 1984ರಲ್ಲಿ ಹುಟ್ಟಿದ ಟೈಟಾನ್ ಕ್ವಾರ್ಟ್ಜ್ ಮೇಲೆ ನಿಂತು ಬೆಳೆದದ್ದು ಬಾಗಿಲು ಇನ್ನೂ ಮುಚ್ಚಿದ್ದಾಗಲೇ, ನಮ್ಮ ಪಕ್ಕದ ಹೊಸೂರಿನಲ್ಲೇ. ಅಂದರೆ ತಂತ್ರಜ್ಞಾನ ಮೊದಲು ಬದಲಾಯಿತು, ಬಾಗಿಲು ಆಮೇಲೆ ತೆರೆಯಿತು. ಯಾವುದು ಮೊದಲು ಅಂತ ಇಸವಿ ಹಾಕಿ ನೋಡಿದರೆ ಇಂಥ ತಪ್ಪು ಆಗುವುದಿಲ್ಲ. ಇಸವಿಗಳ ನಿಜವಾದ ಉಪಯೋಗ ಇದು.

ನರಸಾಪುರ, ಮತ್ತು ಒಂದು ಕಬ್ಬಿಣದ ಪೆಟ್ಟಿಗೆ

ಹೆದ್ದಾರಿಯಲ್ಲಿ ದಿನಾ ಕಂಟೇನರ್ ಲಾರಿ ನೋಡುತ್ತೀರಿ ಅಲ್ವಾ, ಅದರ ಹಿಂದೆ ಒಂದು ಇಸವಿ ಇದೆ. 1956ರ ಏಪ್ರಿಲ್ 26. ಅಮೆರಿಕದ ಮಾಲ್ಕಮ್ ಮೆಕ್ಲೀನ್ ಅನ್ನುವ ಲಾರಿ ಮಾಲೀಕ 58 ಪೆಟ್ಟಿಗೆಗಳನ್ನು ಹಡಗಿಗೆ ಹಾಕಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಹಮಾಲರು ಒಂದೊಂದೇ ಮೂಟೆ ಹೊತ್ತು ಹಡಗು ತುಂಬುವಾಗ ಟನ್‌ಗೆ 5.86 ಡಾಲರ್ ಬೀಳುತ್ತಿದ್ದ ಖರ್ಚು, ಪೆಟ್ಟಿಗೆಯಲ್ಲಿ 16 ಸೆಂಟ್‌ಗೆ ಇಳಿಯಿತು. ಗ್ಯಾಟ್ ಒಪ್ಪಂದಗಳು ಸುಂಕ ಇಳಿಸಿದವು, ಈ ಪೆಟ್ಟಿಗೆ ಸಾಗಾಟದ ಖರ್ಚು ಇಳಿಸಿತು. ಇವತ್ತು ಜಗತ್ತಿನ ವ್ಯಾಪಾರದ ಪ್ರಮಾಣ 1950ರ ಸುಮಾರು 45 ಪಟ್ಟು. ಜನಸಂಖ್ಯೆ ಅದೇ ಅವಧಿಯಲ್ಲಿ 250 ಕೋಟಿಯಿಂದ 800 ಕೋಟಿಗೆ ಏರಿದೆ, ಅಂದರೆ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಈ ಎರಡು ಅಂಕಿಗಳನ್ನು ಜೊತೆಗೇ ನೆನಪಿಡಿ.

ಸಾಗಾಟ ಇಷ್ಟು ಅಗ್ಗ ಆದ ಮೇಲೆ ಒಂದು ವಸ್ತುವನ್ನು ಒಂದೇ ದೇಶದಲ್ಲಿ ಮಾಡುವ ಅಗತ್ಯ ಉಳಿಯಲಿಲ್ಲ. ಚಿಪ್ ತೈವಾನ್‌ದು, ವಿನ್ಯಾಸ ಅಮೆರಿಕದ್ದು, ಬಿಡಿಭಾಗಗಳು ಹತ್ತಾರು ದೇಶದವು, ಜೋಡಣೆ ನಮ್ಮ ನರಸಾಪುರದಲ್ಲಿ. ತೈವಾನಿನ ವಿಸ್ಟ್ರಾನ್ ಕಂಪನಿ ಅಲ್ಲಿ 2020ರಲ್ಲಿ ಐಫೋನ್ ಜೋಡಿಸಲು ಶುರು ಮಾಡಿತು. ಅದೇ ಡಿಸೆಂಬರ್‌ನಲ್ಲಿ ಸಂಬಳ ಸರಿಯಾಗಿ ಬರುತ್ತಿಲ್ಲ ಅಂತ ಗುತ್ತಿಗೆ ಕಾರ್ಮಿಕರು ಸಿಟ್ಟಿಗೆದ್ದು ದೊಡ್ಡ ಗಲಾಟೆ ಆಯಿತು, ಆಪಲ್ ಕೆಲ ಕಾಲ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಆ ಘಟಕವನ್ನು ಕೊಂಡುಕೊಂಡಿತು. ಚೀನಾದಲ್ಲಿ ಕೂಲಿ ಏರಿದ್ದು, ಅಮೆರಿಕ ಮತ್ತು ಚೀನಾದ ಸುಂಕದ ಜಗಳ, ಕೊರೋನಾ, ಕೇಂದ್ರದ ಪ್ರೋತ್ಸಾಹಧನ ಎಲ್ಲ ಸೇರಿ ಈ ಕೆಲಸ ಕೋಲಾರದ ಮಗ್ಗುಲಿಗೆ ಬಂತು. ಬಂದದ್ದು ಒಳ್ಳೆಯದೇ. ಹಳ್ಳಿಯ ಹೆಣ್ಣುಮಕ್ಕಳು ತಿಂಗಳ ಸಂಬಳ ಎಣಿಸುವುದು ಸಣ್ಣ ಮಾತಲ್ಲ. ಆದರೆ ಕಾಯಂ ನೌಕರರು ಎಷ್ಟು, ಗುತ್ತಿಗೆಯವರು ಎಷ್ಟು ಅಂತ ಕೇಳುವುದನ್ನು ಮರೆಯಬೇಡಿ. ಆರ್ಡರ್ ಇಳಿದ ದಿನ ಮೊದಲು ಮನೆಗೆ ಹೋಗುವವರು ಗುತ್ತಿಗೆಯವರು.

ಎಲ್ಲವನ್ನೂ ಜಗತ್ತಿಗೆ ಕಟ್ಟಬೇಡಿ

ಕೋಲಾರ ಎಪಿಎಂಸಿಯ ಟೊಮೆಟೊ ಬೆಲೆ ಏರಿಳಿಯುವುದಕ್ಕೆ ಅಮೆರಿಕದ ಪೇಟೆ ಕಾರಣ ಅಲ್ಲ. ಟೊಮೆಟೊ ಕೊಳೆಯುತ್ತದೆ, ಹಾಗಾಗಿ ಅದಕ್ಕೆ ಚಿನ್ನದ ಹಾಗೆ ಒಂದೇ ಜಾಗತಿಕ ಬೆಲೆ ಇಲ್ಲ. ಮಳೆ, ರೋಗ, ಪಕ್ಕದ ರಾಜ್ಯಗಳ ಬೆಳೆ, ಇವೇ ಬೆಲೆಯನ್ನು ಆಡಿಸುತ್ತವೆ. 2023ರಲ್ಲಿ ಬೆಲೆ ಮುಗಿಲು ಮುಟ್ಟಿದಾಗ ಸರ್ಕಾರ ತರಿಸಿದ್ದು ಪಕ್ಕದ ನೇಪಾಳದಿಂದ. ಆದರೆ ಟೊಮೆಟೊ ಬೆಳೆಯುವ ಖರ್ಚಿಗೆ ಜಗತ್ತಿನ ನಂಟಿದೆ. ಪೊಟ್ಯಾಷ್ ಗೊಬ್ಬರ ಪೂರ್ತಿ ಹೊರಗಿನಿಂದ ಬರಬೇಕು, ಡೀಸೆಲ್‌ಗೆ ಕಚ್ಚಾ ತೈಲ ಬಹುಪಾಲು ಹೊರಗಿನಿಂದ ಬರಬೇಕು. ಖರ್ಚು ಡಾಲರ್‌ನ ಜೊತೆ ಏರುತ್ತದೆ, ಮಾರುವ ಬೆಲೆ ಏರುವುದಿಲ್ಲ.

ಪಾವಗಡ, ಶಿರಾ, ಮಧುಗಿರಿ ಕಡೆಯವರು ಕಡಲೆಕಾಯಿ ಹಿಡಿಯಿರಿ. 1994ರಲ್ಲಿ ಕಡಲೆಕಾಯಿ ಎಣ್ಣೆಗೆ ಪೈಪೋಟಿ ಕೊಡುವ ಪಾಮೊಲಿನ್ (ತಾಳೆ ಎಣ್ಣೆ) ಆಮದಿಗೆ ದಾರಿ ಬಿಟ್ಟರು. ಇವತ್ತು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. 2022ರಲ್ಲಿ ಇಂಡೊನೇಷ್ಯಾ ಕೆಲವೇ ವಾರ ಪಾಮ್ ಎಣ್ಣೆ ರಫ್ತು ನಿಲ್ಲಿಸಿತು, ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಗೂ ಕಲ್ಲು ಬಿತ್ತು, ನಮ್ಮ ಹೋಟೆಲುಗಳಲ್ಲಿ ವಡೆಯ ರೇಟು ಏರಿತು. ತುಮಕೂರಿನ ಮಿಡಿಸೌತೆಯೂ ಒಳ್ಳೆಯ ವಿಷಯ. ನಾವು ತಿನ್ನದ, 1990ರ ದಶಕದಲ್ಲಿ ಬಂದ, ಪೂರ್ತಿ ಹೊರದೇಶದ ಉಪ್ಪಿನಕಾಯಿ ಬಾಟಲಿಗೆಂದೇ ಕಂಪನಿಯ ಕರಾರಿನ ಮೇಲೆ ಬೆಳೆಯುವ ಬೆಳೆ. ಕಾಯಿ ಸಣ್ಣದಿದ್ದಷ್ಟೂ ಬೆಲೆ ಜಾಸ್ತಿ. ಆ ಕರಾರು ಪತ್ರ ಸಿಕ್ಕರೆ ಓದಿ, ಬೆಳೆ ಹಾಳಾದರೆ ಯಾರು ಹೊಣೆ ಅನ್ನುವ ಸಾಲು ಹುಡುಕಿ.

ಅಂಕಿ ಎಲ್ಲಿ ಸಿಗುತ್ತದೆ

ವಿಶ್ವ ಬ್ಯಾಂಕಿನ ‘ಪಿಂಕ್ ಶೀಟ್’ನಲ್ಲಿ ಚಿನ್ನ, ತೈಲ, ಪಾಮ್ ಎಣ್ಣೆ, ಗೊಬ್ಬರದ ಬೆಲೆಗಳು 1960ರಿಂದ ತಿಂಗಳುವಾರು ಸಿಗುತ್ತವೆ. ಪುಕ್ಕಟೆ. ರೂಪಾಯಿ ಮತ್ತು ಡಾಲರ್ ದರಕ್ಕೆ ರಿಸರ್ವ್ ಬ್ಯಾಂಕಿನ ಅಂಕಿಅಂಶಗಳ ಕೈಪಿಡಿ ನೋಡಿ. ಸುಂಕಕ್ಕೆ ಆಯಾ ವರ್ಷದ ಬಜೆಟ್ ಭಾಷಣ ತೆಗೆಯಿರಿ, ಕೊನೆಯ ಭಾಗದಲ್ಲಿ ಇರುತ್ತದೆ. ಒಂದು ಹಾಳೆಯಲ್ಲಿ ಎಡಗಡೆ ಹೊರಗಿನ ಬೆಲೆ, ಬಲಗಡೆ ಮನೆಯ ಬೆಲೆ ಬರೆದುಕೊಳ್ಳಿ. ಮನೆಯ ಬೆಲೆಗೆ ಹಳೆಯ ಚಿನ್ನದ ರಸೀದಿ, ಗೂಡಿನ ಮಾರುಕಟ್ಟೆ ಚೀಟಿ, ಮಂಡಿಯ ಲೆಕ್ಕದ ಪುಸ್ತಕ ಹುಡುಕಿ. ಬಹಳ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಇದ್ದೇ ಇರುತ್ತವೆ.

ಗೂಡಿನ ಮಾರುಕಟ್ಟೆಗೆ ಹೋಗುವುದಾದರೆ ಹರಾಜು ಮುಗಿಯುವವರೆಗೆ ರೈತರನ್ನು ಮಾತಿಗೆ ಎಳೆಯಬೇಡಿ. ಸುಮಾರು ಒಂದು ತಿಂಗಳ ದುಡಿಮೆಯ ಬೆಲೆ ಆ ಹೊತ್ತಿನಲ್ಲಿ ತೀರ್ಮಾನ ಆಗುತ್ತಿರುತ್ತದೆ. ಮುಗಿದ ಮೇಲೆ ಟೀ ಅಂಗಡಿಯಲ್ಲಿ ಕೂತು ಈ ಬೆಳೆಗೆ ಮೊಟ್ಟೆಗೆ ಎಷ್ಟಾಯಿತು, ಸೊಪ್ಪಿಗೆ ಎಷ್ಟಾಯಿತು, ಆಳಿಗೆ ಎಷ್ಟಾಯಿತು, ಹೋದ ವರ್ಷ ಇದೇ ತಿಂಗಳು ಕಿಲೋಗೆ ಎಷ್ಟು ಸಿಕ್ಕಿತ್ತು ಅಂತ ಕೇಳಿ. ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳನ್ನೂ ಬಿಡಬೇಡಿ. ಚೀನಾ ನೂಲಿನ ಇವತ್ತಿನ ರೇಟು ಅವರಿಗೆ ಬಾಯಲ್ಲೇ ಇರುತ್ತದೆ.